ಬೀಗ ಬಿಡಿಸುವ ಹವ್ಯಾಸಿಯ ಮೊದಲ ಸಲಕರಣೆಗಳು: ಚರಿತ್ರೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಶೂದ್ರಕನ ‘ಮೃಚ್ಛಕಟಿಕ’ ನಾಟಕದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನವಿಕ್ಕಲು ಬರುತ್ತಾನೆ. ಅಳತೆಯ ದಾರವನ್ನು ಮರೆತು ಬಂದುದರಿಂದ ತನ್ನ ಯಜ್ಞೋಪವೀತವನ್ನೇ ಅಳತೆದಾರವಾಗಿ ಬಳಸುವ ಆತನು, ಆ ಎಳೆಯಿಂದ ತನ್ನಂಥವರಿಗೆ ಆಗುವ ಉಪಕಾರಗಳನ್ನು ಎಣಿಸುತ್ತ, ಯಂತ್ರದಿಂದ ಭದ್ರಪಡಿಸಿದ ಕದವನ್ನು ತೆರೆಯುವುದಕ್ಕೂ ಅದು ಸಾಧನವೆಂದು ಹೇಳಿಕೊಳ್ಳುತ್ತಾನೆ. ಪ್ರೇಕ್ಷಕರು ನಗುವ ಸ್ಥಳವಿದು. ಆದರೆ ಚರಿತ್ರೆಯನ್ನು ಓದುವವರಿಗೆ ಇಲ್ಲಿ ಮತ್ತೊಂದು ಸಂಗತಿಯೂ ಕಾಣದಿರದು. ಬೀಗದ ಕೈ ಇಲ್ಲದೆ ಬೀಗವನ್ನು ತೆರೆಯಲು ತಕ್ಕ ಸಲಕರಣೆ ಯಾವುದು ಎಂಬ ಪ್ರಶ್ನೆ ಬಹಳ ಹಳೆಯದು. ಅದಕ್ಕೆ ದೊರೆತ ಉತ್ತರ ಮಾತ್ರ ಆಯಾ ಕಾಲದ ಬೀಗವನ್ನು ಅನುಸರಿಸಿ ಬದಲಾಗುತ್ತ ಬಂದಿದೆ.

ಪ್ರಸ್ತುತ ಲೇಖನದ ಉದ್ದೇಶ ಸೀಮಿತವಾದುದು. ಬೀಗ ಬಿಡಿಸುವುದನ್ನು, ಚದುರಂಗದಂತೆಯೋ ಹಳೆಯ ಗಡಿಯಾರಗಳನ್ನು ಬಿಚ್ಚಿ ಜೋಡಿಸುವುದರಂತೆಯೋ, ಒಂದು ಹವ್ಯಾಸವಾಗಿ ರೂಢಿಸಿಕೊಂಡವರು ಪಾಶ್ಚಾತ್ಯ ದೇಶಗಳಲ್ಲಿ ಈಗ ಅನೇಕರಿದ್ದಾರೆ. ಜರ್ಮನಿಯಲ್ಲಿ ೧೯೯೭ರಲ್ಲಿ ಇದಕ್ಕೆಂದೇ ಒಂದು ಸಂಘ ಸ್ಥಾಪಿತವಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಹೆಸರನ್ನು ಹೊತ್ತ, ಕರ್ತೃವಿನ ನಿಜನಾಮವಿಲ್ಲದ ಕೈಪಿಡಿಯೊಂದು ೧೯೯೧ರಿಂದ ಕೈಯಿಂದ ಕೈಗೆ ಹರಿದಾಡುತ್ತಿದೆ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಸ್ ಅಲಮಾಸ್‌ನ ಕಡತಪೆಟ್ಟಿಗೆಗಳನ್ನು ತೆರೆದು ಸಹೋದ್ಯೋಗಿಗಳನ್ನು ಬೆಚ್ಚಿಬೀಳಿಸಿದ ಕಥೆಯನ್ನು ೧೯೮೫ರಲ್ಲಿ ಪ್ರಕಟವಾದ ತನ್ನ ನೆನಪುಗಳ ಪುಸ್ತಕದಲ್ಲಿ ಸಾವಕಾಶವಾಗಿ ಹೇಳಿದ್ದಾನೆ. ನಮ್ಮ ವಿದ್ಯಾರ್ಥಿಗಳಲ್ಲಿಯೂ ಕೆಲವರು ಈ ವಿಷಯದಲ್ಲಿ ಆಸಕ್ತರಾಗಿ, ಮೊದಲು ಯಾವ ಸಲಕರಣೆಗಳನ್ನು ಕೊಳ್ಳಬೇಕೆಂದು ಕೇಳುವುದುಂಟು. ಪ್ರಶ್ನೆ ವ್ಯಾವಹಾರಿಕವಾದರೂ ಅದಕ್ಕೆ ಉತ್ತರ ಚರಿತ್ರೆಯಲ್ಲಿದೆಯೆಂದು ತೋರಿಸುವುದೇ ಇಲ್ಲಿನ ಪ್ರಯತ್ನ. ಉತ್ತರವನ್ನು ಮೊದಲೇ ಹೇಳಿಬಿಡುವುದಾದರೆ, ಸಲಕರಣೆಯನ್ನು ಆರಿಸುವ ಮುನ್ನ ಬೀಗವನ್ನು ಆರಿಸಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿದುದರಿಂದ ಈ ಲೇಖಕನು ಕಳೆದುಕೊಂಡುದೇನೆಂಬುದು ಮುಂದೆ ಬರುತ್ತದೆ.

ಇಂಥ ವಿಷಯವನ್ನು ಬಹಿರಂಗವಾಗಿ ಚರ್ಚಿಸುವುದು ಕಳ್ಳರಿಗೆ ಪಾಠ ಹೇಳಿದಂತಾಗದೆ ಎಂಬ ಆಕ್ಷೇಪಣೆ ಸಹಜ. ಅದು ಹೊಸದೇನೂ ಅಲ್ಲ. ೧೮೫೩ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಟಾಮ್ಲಿನ್‌ಸನ್ನನ ಸಂಪಾದಕತ್ವದಲ್ಲಿ ಬೀಗಗಳ ರಚನೆಯನ್ನು ಕುರಿತು ಒಂದು ಪ್ರಾಥಮಿಕ ಗ್ರಂಥ ಹೊರಬಂದಿತು. ಅದರಲ್ಲಿ ಈ ಆಕ್ಷೇಪಣೆಯನ್ನು ಎತ್ತಿಕೊಂಡು ನೇರವಾಗಿಯೇ ಸಮಾಧಾನ ಹೇಳಲಾಗಿದೆ. ದುರ್ಜನರು ತಮ್ಮ ಕಸುಬಿನಲ್ಲಿ ನಿಪುಣರು, ನಾವು ಕಲಿಸಬಹುದಾದುದಕ್ಕಿಂತ ಹೆಚ್ಚನ್ನು ಅವರು ಈಗಾಗಲೇ ಬಲ್ಲರು. ಬೀಗದ ದೌರ್ಬಲ್ಯ ತಿಳಿಯದೆ ನಷ್ಟಕ್ಕೆ ಒಳಗಾಗುವವರು ಅದನ್ನು ನಂಬಿ ಕೊಂಡ ಸಜ್ಜನರು ಮಾತ್ರ ಎಂಬುದು ಅಲ್ಲಿಯ ವಾದದ ಸಾರ. ಈ ವಾದವು ಗಣಕಯಂತ್ರಗಳ ಭದ್ರತೆಯನ್ನು ಕುರಿತ ಇಂದಿನ ಚರ್ಚೆಗಳಲ್ಲಿಯೂ ಉದ್ಧೃತವಾಗುತ್ತಿರುವುದು ಸ್ವಾರಸ್ಯದ ಸಂಗತಿ. ಆ ಗ್ರಂಥದ ಹಿಂದೆ ಇದ್ದುದು ಕೇವಲ ಎರಡು ವರ್ಷಗಳ ಹಿಂದಿನ ಒಂದು ಪ್ರಕರಣ. ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ. ಅದಕ್ಕೆ ಮೊದಲು ಬೀಗಗಳ ಜಾತಿಗಳ ಪರಿಚಯವಾಗಬೇಕು.

ಯೂರೋಪಿನ ಮಧ್ಯಯುಗದ ಬೀಗದಲ್ಲಿ ಭದ್ರತೆಯೆಲ್ಲ ಒಳಗಿನ ಅಡ್ಡಗೋಡೆಗಳನ್ನು ಅವಲಂಬಿಸಿತ್ತು. ಬೀಗದ ಹೊಟ್ಟೆಯಲ್ಲಿ ತಗಡಿನ ಬಳೆಗಳನ್ನು ನಿಲ್ಲಿಸಿ, ಅವು ತಾಕದಂತೆ ಹಲ್ಲು ಕೊರೆದ ಕೈ ಮಾತ್ರ ತಿರುಗುವಂತೆ ಮಾಡುತ್ತಿದ್ದರು. ನೋಡಲು ಬಹು ಸಂಕೀರ್ಣ. ಕೈಯ ಕೆತ್ತನೆಯಂತೂ ಕಣ್ಣಿಗೆ ಹಬ್ಬ. ಆದರೆ ಹಲ್ಲುಗಳನ್ನೆಲ್ಲ ಉಜ್ಜಿ ತೆಗೆದು ತುದಿಯೊಂದನ್ನು ಉಳಿಸಿಕೊಂಡ ಬಡಕಲು ಕೈ ಒಂದಿದ್ದರೆ ಆ ಗೋಡೆಗಳೆಲ್ಲ ನಿಷ್ಪ್ರಯೋಜಕ. ಆಗಿನ ಸಲಕರಣೆಯೆಂದರೆ ಇಷ್ಟೆ, ಬಗ್ಗಿಸಿದ ಒಂದು ಕಬ್ಬಿಣದ ಸರಳು. ೧೭೭೮ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಎಂಬುವನು ಈ ಸ್ಥಿತಿಯನ್ನು ಬದಲಾಯಿಸಿದ. ಆತನ ಬೀಗದ ಅಗಳಿಯನ್ನು ತಡೆಯುತ್ತಿದ್ದವು ಮೇಲಕ್ಕೂ ಕೆಳಕ್ಕೂ ಚಲಿಸಬಲ್ಲ ಲೀವರುಗಳು. ಪ್ರತಿಯೊಂದು ಲೀವರನ್ನೂ ನಿಶ್ಚಿತವಾದ ಎತ್ತರಕ್ಕೇ ಎತ್ತಬೇಕು. ಕಡಿಮೆಯಾದರೂ ಹೆಚ್ಚಾದರೂ ಅಗಳಿ ಸರಿಯದು. ಬಡಕಲು ಕೈಯ ಕಾಲ ಅಲ್ಲಿಗೆ ಮುಗಿಯಿತು, ಬೇರೆ ಜಾತಿಯ ಸಲಕರಣೆ ಬೇಕಾಯಿತು.

೧೭೮೪ರಲ್ಲಿ ಜೋಸೆಫ್ ಬ್ರಾಮಾ ಮತ್ತೊಂದು ದಾರಿ ಹಿಡಿದ. ಅವನ ಬೀಗದ ಕೈ ಒಂದು ಸಣ್ಣ ಕೊಳವೆ. ಅದರ ತುದಿಯಲ್ಲಿ ಬೇರೆ ಬೇರೆ ಆಳದ ಸೀಳುಗಳು. ಒಳಗಿನ ಜಾರುಪಟ್ಟಿಗಳನ್ನು ಒಂದೊಂದನ್ನೂ ಅದರದರ ಆಳಕ್ಕೆ ತಳ್ಳಿದ ಹೊರತು ಬೀಗ ತಿರುಗುತ್ತಿರಲಿಲ್ಲ. ಲಂಡನ್ನಿನ ಪಿಕಡಿಲಿಯಲ್ಲಿದ್ದ ತನ್ನ ಅಂಗಡಿಯ ಗಾಜಿನ ಕಿಟಕಿಯಲ್ಲಿ ಬ್ರಾಮಾ ೧೭೯೦ರ ಸುಮಾರಿನಿಂದ ಹದಿನೆಂಟು ಜಾರುಪಟ್ಟಿಗಳ ಒಂದು ಬೀಗವನ್ನಿಟ್ಟು, ಅದನ್ನು ಬಿಡಿಸಬಲ್ಲ ಉಪಕರಣವನ್ನು ಮಾಡಿದವನಿಗೆ ೨೦೦ ಗಿನಿಗಳ ಬಹುಮಾನವೆಂದು ಬರೆಯಿಸಿದ. ಇಲ್ಲಿ ಒಂದು ಅಂಶವನ್ನು ಓದುಗರು ಗಮನಿಸಬೇಕು. ಪಂಥದ ಒಕ್ಕಣೆಯಲ್ಲಿ ಒತ್ತು ಬಿದ್ದುದು ಕೈಚಳಕದ ಮೇಲಲ್ಲ, ಉಪಕರಣದ ಮೇಲೆ. ಆ ಬೀಗಕ್ಕೆ ಹೊಂದುವ ಸಲಕರಣೆ ಆಗ ಲೋಕದಲ್ಲಿಯೇ ಇರಲಿಲ್ಲ. ಅದನ್ನು ಹೊಸದಾಗಿ ಕಲ್ಪಿಸಬೇಕಾಗಿತ್ತು. ಅರುವತ್ತು ವರ್ಷಗಳ ಕಾಲ ಬಹುಮಾನ ಹಾಗೆಯೇ ಉಳಿಯಿತು. ಈ ಬೀಗ ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಇತ್ತ ೧೮೧೭ರಲ್ಲಿ ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ ಕಳ್ಳಕೈಗಳಿಂದ ಬೀಗ ತೆರೆದು ಕಳವು ನಡೆದ ಮೇಲೆ ಸರ್ಕಾರವು ಉತ್ತಮ ಬೀಗಕ್ಕಾಗಿ ಸ್ಪರ್ಧೆ ಏರ್ಪಡಿಸಿತು. ೧೮೧೮ರಲ್ಲಿ ಜೆರೆಮಾಯಾ ಚಬ್ ತನ್ನ ‘ಪತ್ತೆ ಬೀಗ’ಕ್ಕೆ ಹಕ್ಕುಪತ್ರ ಪಡೆದ. ಇದು ಲೀವರ್ ಜಾತಿಯದೇ. ಆದರೆ ಯಾವುದಾದರೂ ಲೀವರನ್ನು ಅಳತೆ ಮೀರಿ ಎತ್ತಿದರೆ ಒಳಗೊಂದು ಸ್ಪ್ರಿಂಗು ಹಿಡಿದುಕೊಂಡು, ಯಾರೋ ಕೈಯಾಡಿಸಿದ್ದಾರೆಂದು ಒಡೆಯನಿಗೆ ಮರುಸಲ ತಿಳಿಯುತ್ತಿತ್ತು. ಪೋರ್ಟ್ಸ್‌ಮತ್ತಿನ ಸೆರೆಹಡಗಿನಲ್ಲಿದ್ದ, ಬೀಗದ ಕೆಲಸ ಬಲ್ಲ ಕೈದಿಯೊಬ್ಬನಿಗೆ, ಇದನ್ನು ಬಿಡಿಸಿದರೆ ಬಿಡುಗಡೆಯನ್ನೂ ೧೦೦ ಪೌಂಡುಗಳನ್ನೂ ಕೊಡುವುದಾಗಿ ಆಶೆ ತೋರಿಸಲಾಯಿತು. ಅವನು ತಿಂಗಳುಗಟ್ಟಲೆ ಹೆಣಗಿ ಕೈಚೆಲ್ಲಿದ.

ಹೀಗಿರುವಲ್ಲಿ ೧೮೫೧ರ ಮಹಾ ಪ್ರದರ್ಶನಕ್ಕೆ ನ್ಯೂಯಾರ್ಕಿನ ಡೇ ಮತ್ತು ನ್ಯೂವೆಲ್ ಕಂಪನಿಯ ಪ್ರತಿನಿಧಿಯಾಗಿ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಲಂಡನ್ನಿಗೆ ಬಂದ. ತನ್ನ ಕಂಪನಿಯ ಬೀಗವನ್ನು ಮಾರುವುದಕ್ಕೆ ಇತರರ ಬೀಗವನ್ನು ತೆರೆದು ತೋರಿಸುವುದೇ ಸುಲಭೋಪಾಯವೆಂದು ಅವನು ಬಗೆದಿದ್ದಂತೆ ಕಾಣುತ್ತದೆ. ಅದೇ ಜುಲೈ ೨೨ರಂದು ವೆಸ್ಟ್‌ಮಿನ್ಸ್ಟರಿನ ಗ್ರೇಟ್ ಜಾರ್ಜ್ ಬೀದಿಯ ಮನೆಯೊಂದರಲ್ಲಿ, ಸಾಕ್ಷಿಗಳ ಎದುರಿನಲ್ಲಿ, ಚಬ್ ಬೀಗವೊಂದನ್ನು ಅವನು ೨೫ ನಿಮಿಷಗಳಲ್ಲಿ ತೆರೆದ. ಅನಂತರ ೭ ನಿಮಿಷಗಳಲ್ಲಿ, ಪತ್ತೆಯ ಸ್ಪ್ರಿಂಗು ತಾಕದಂತೆ, ಮತ್ತೆ ಮುಚ್ಚಿದ. ಮುಚ್ಚಿದುದೇ ಹೆಚ್ಚಿನ ಸಾಹಸ. ಬಳಿಕ ಬ್ರಾಮಾ ಬೀಗದ ಸರದಿ. ಮೂವರು ಪಂಚಾಯತರು ನೇಮಕವಾದರು. ಬೀಗವನ್ನು ಹಲಗೆಗಳ ನಡುವೆ ಬಂಧಿಸಿ ಕೈ ಹಾಕುವ ರಂಧ್ರ ಮಾತ್ರ ಕಾಣುವಂತೆ ಇಡಲಾಯಿತು. ಮೂವತ್ತು ದಿನಗಳ ಅವಧಿ ಕೊಡಲಾಯಿತು. ಹಾಬ್ಸನು ಹದಿನಾರು ದಿನಗಳಲ್ಲಿ ಹಂಚಿಕೊಂಡು ಒಟ್ಟು ೫೧ ಗಂಟೆ ಕೆಲಸ ಮಾಡಿ ಆಗಸ್ಟ್ ತಿಂಗಳಲ್ಲಿ ಅದನ್ನು ತೆರೆದ.

ನಮ್ಮ ವಿಷಯಕ್ಕೆ ಮುಖ್ಯವಾದುದು ಆತನು ಬಳಸಿದ ಸಾಧನ. ಅವನು ಜೇಬಿನಿಂದ ಒಂದು ಕೊಕ್ಕೆ ತೆಗೆದು ಬೀಗವನ್ನು ಬಿಡಿಸಲಿಲ್ಲ. ಒಳಗಿನ ಬಲವಾದ ಸ್ಪ್ರಿಂಗನ್ನು ಒತ್ತಿ ಹಿಡಿಯುವುದಕ್ಕೆ ಒಂದು ಸ್ಥಿರವಾದ ಚೌಕಟ್ಟನ್ನು ಮರದ ಹಲಗೆಗೆ ತಿರುಪಿನಿಂದ ಬಿಗಿದು, ಹಾಗೆ ಬಿಡುವಾದ ಕೈಯಿಂದ ಒಂದೊಂದೇ ಜಾರುಪಟ್ಟಿಯನ್ನು ಸಣ್ಣ ಸಾಧನಗಳಿಂದ ತಳ್ಳುತ್ತ ಹೋದ. ಬ್ರಾಮಾ ಕಂಪನಿಯವರು ಇದನ್ನು ಆಕ್ಷೇಪಿಸದಿರಲಿಲ್ಲ. ನಿಶ್ಚಲವಾಗಿ ಬಿಗಿದ ಯಂತ್ರವನ್ನಿಟ್ಟುಕೊಂಡು ದಿನಗಟ್ಟಲೆ ಕೂತು ತೆರೆಯುವ ಅವಕಾಶ ಯಾವ ಕಳ್ಳನಿಗಿದೆ ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆಯೆನ್ನದೆ ವಿಧಿಯಿಲ್ಲ. ಆದರೂ ಪಂಚಾಯತರ ತೀರ್ಪಿನಂತೆ ೨೦೦ ಗಿನಿಗಳು ಹಾಬ್ಸನಿಗೆ ಸಂದವು. ಚಬ್ ಬೀಗಕ್ಕೆ ಒಂದು ಬಗೆಯ ಸಾಧನ, ಬ್ರಾಮಾ ಬೀಗಕ್ಕೆ ತೀರ ಬೇರೆಯಾದ ಸಾಧನ. ಅದೇ ಮನುಷ್ಯ, ಅದೇ ಬೇಸಿಗೆ. ಸಲಕರಣೆ ಬೀಗದ ಪ್ರತಿಬಿಂಬ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. (ಹಾಬ್ಸನು ಹೊಗಳಿ ಮಾರಿದ ನ್ಯೂವೆಲ್ ಬೀಗವನ್ನು ಕೆಲವೇ ವರ್ಷಗಳಲ್ಲಿ ಅಮೆರಿಕದವನೇ ಆದ ಕಿರಿಯ ಲೈನಸ್ ಯೇಲ್ ತೆರೆದುಬಿಟ್ಟ.)

ಈ ಯೇಲನು ೧೮೬೧ ಮತ್ತು ೧೮೬೫ರಲ್ಲಿ ಪಡೆದ ಹಕ್ಕುಪತ್ರಗಳಿಂದ ಇಂದಿನ ಪಿನ್ ಬೀಗ ರೂಪುಗೊಂಡಿತು. ಅದರ ತತ್ತ್ವ ಪ್ರಾಚೀನ ಈಜಿಪ್ಟಿನ ಮರದ ಬೀಗದಲ್ಲಿಯೇ ಇತ್ತು. ಯೇಲನದು ಅದನ್ನು ಹಿತ್ತಾಳೆಯಲ್ಲಿ ಕಿರಿದುಗೊಳಿಸಿ, ಜೇಬಿಗೆ ಹಿಡಿಸುವ ಚಪ್ಪಟೆ ಕೈಗೆ ಅಳವಡಿಸಿದ ಕೀರ್ತಿ. ಒಂದು ಗಟ್ಟಿ ಕವಚ, ಅದರೊಳಗೆ ತಿರುಗುವ ಒಂದು ದುಂಡನೆಯ ತಿರುಳು. ಎರಡನ್ನೂ ಹಾಯ್ದು ಸಾಮಾನ್ಯವಾಗಿ ನಾಲ್ಕರಿಂದ ಆರು ರಂಧ್ರಗಳು. ಪ್ರತಿ ರಂಧ್ರದಲ್ಲಿಯೂ ಕೆಳಗೊಂದು ಮೇಲೊಂದು ಪಿನ್ನು, ಅದರ ಮೇಲೆ ಸ್ಪ್ರಿಂಗು. ಸರಿಯಾದ ಕೈ ಹಾಕಿದಾಗ ಎಲ್ಲ ಜೋಡಿಗಳ ಸಂದೂ ತಿರುಳಿನ ಅಂಚಿಗೆ ಸಮನಾಗಿ ಬಂದು ತಿರುಳು ತಿರುಗುತ್ತದೆ. ಕೈ ಇಲ್ಲದೆ ಇದು ತೆರೆಯುವುದು ಹೇಗೆ? ಕಾರಣ ಬೀಗದ ತತ್ತ್ವದಲ್ಲಿಲ್ಲ, ತಯಾರಿಕೆಯಲ್ಲಿದೆ. ರಂಧ್ರಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಗೆರೆಯಲ್ಲಿರುವಂತೆ ಕೊರೆಯುವುದು ಯಾವ ಕಾರ್ಖಾನೆಗೂ ಸಾಧ್ಯವಿಲ್ಲ. ಆದುದರಿಂದ ತಿರುಳನ್ನು ಮೆಲ್ಲಗೆ ತಿರುಗಿಸಿ ಹಿಡಿದರೆ ಪಿನ್ನುಗಳೆಲ್ಲ ಒಟ್ಟಿಗೆ ಅಡ್ಡಬರುವುದಿಲ್ಲ. ಒಂದು ಮೊದಲು ಸಿಕ್ಕಿಕೊಳ್ಳುತ್ತದೆ. ಅದನ್ನು ಹುಡುಕಿ ಅಂಚಿನವರೆಗೆ ಎತ್ತಿದರೆ ತಿರುಳು ತುಸುವೇ ಸರಿದು ಮುಂದಿನ ಪಿನ್ನು ಸಿಕ್ಕಿಕೊಳ್ಳುತ್ತದೆ. ಹೀಗೆ ಒಂದರ ಮೇಲೊಂದು. ಬೀಗ ಬಿಡಿಸುವವನು ಓದುವುದು ಬೀಗದ ನಕ್ಷೆಯನ್ನಲ್ಲ, ಅದನ್ನು ಮಾಡಿದ ಯಂತ್ರದ ತಪ್ಪುಗಳನ್ನು. ಹಸ್ತಪ್ರತಿಗಳ ವಂಶವೃಕ್ಷವನ್ನು ಲಿಪಿಕಾರರ ಸ್ಖಲಿತಗಳಿಂದ ಕಟ್ಟುವ ನಮ್ಮ ಮಿತ್ರರಿಗೆ ಈ ಮಾತು ಅಪರಿಚಿತವೆನಿಸಲಾರದು.

ಆದುದರಿಂದ ಪಿನ್ ಬೀಗಕ್ಕೆ ಬೇಕಾದುವು ಎರಡೇ ಕೆಲಸಗಳಿಗೆ ಎರಡು ಬಗೆಯ ಸಾಧನ: ತಿರುಳಿಗೆ ತಿರುಗುವ ಬಲ ಕೊಟ್ಟು ಹಿಡಿಯುವ ಬಗ್ಗಿದ ಪಟ್ಟಿ (ಇದನ್ನು ಟೆನ್ಷನ್ ಪಟ್ಟಿ ಎನ್ನೋಣ) ಮತ್ತು ಪಿನ್ನನ್ನು ಎತ್ತುವ ಕೊಕ್ಕೆ. ಮಾರುಕಟ್ಟೆಯಲ್ಲಿ ಸಿಕ್ಕುವ ಹವ್ಯಾಸಿ ಸಲಕರಣೆಗಳ ಚೀಲಗಳೆಲ್ಲವೂ ಬಹುಮಟ್ಟಿಗೆ ಈ ಒಂದು ಜಾತಿಯ ಬೀಗವನ್ನು ಉದ್ದೇಶಿಸಿದವು. ಹವ್ಯಾಸ ಬೆಳೆದುದು ಪಿನ್ ಬೀಗವೇ ಮನೆಬಾಗಿಲ ಬೀಗವಾಗಿರುವ ದೇಶಗಳಲ್ಲಿ ಎಂಬುದೇ ಇದಕ್ಕೆ ಕಾರಣ.

ಇಲ್ಲಿಯೇ ನಮ್ಮವರು ಎಡವುವುದು. ಭಾರತದಲ್ಲಿ ಬೀಗದ ಮುಟ್ಟು ಬೇರೆ ದಾರಿಯಲ್ಲಿ ಬೆಳೆಯಿತು. ಉತ್ತರದಲ್ಲಿ ಅಲಿಗಢ, ದಕ್ಷಿಣದಲ್ಲಿ ದಿಂಡಿಗಲ್ (ಇಲ್ಲಿಯ ಬೀಗಕ್ಕೆ ೨೦೧೯ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ) ಈ ಕಸುಬಿನ ಹೆಸರಾಂತ ಕೇಂದ್ರಗಳು. ಮುಂಬಯಿಯಲ್ಲಿ ವಕೀಲಿ ಬಿಟ್ಟ ಅರ್ದೇಶಿರ್ ಗೋದ್ರೇಜರು ೧೮೯೭ರಲ್ಲಿ ಬೀಗದ ತಯಾರಿಕೆ ಆರಂಭಿಸಿದರು. ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ತೂಗುವ ಬೀಗಗಳನ್ನು ನೋಡಿದರೆ ಅನೇಕವುಗಳ ಮೈಮೇಲೆ ‘೬ ಲೀವರ್’, ‘೭ ಲೀವರ್’ ಎಂದು ಅಚ್ಚಾಗಿರುತ್ತದೆ. ಅಂದರೆ ಇವು ಬ್ಯಾರನ್-ಚಬ್ ವಂಶದವು, ಯೇಲನ ವಂಶದವಲ್ಲ. ಪಿನ್ ಬೀಗದ ಕೊಕ್ಕೆ ಇವುಗಳ ಬಾಯಲ್ಲಿ ಹೋದರೂ ಕೆಲಸಕ್ಕೆ ಬಾರದು. ಲೀವರ್ ಬೀಗದಲ್ಲಿ ಬಲ ಬೀಳಬೇಕಾದುದು ಒಳಗಿನ ಅಗಳಿಯ ಮೇಲೆ. ಅದಕ್ಕೆ ಆಳಕ್ಕೆ ಹೋಗಿ ಅಡ್ಡಕ್ಕೆ ತಿರುಗುವ ದಪ್ಪ ತಂತಿ ಬೇಕು, ಲೀವರುಗಳನ್ನು ಒಂದೊಂದಾಗಿ ಎತ್ತಲು ಅದರ ಪಕ್ಕದಲ್ಲಿಯೇ ಮತ್ತೊಂದು ತಂತಿ ಬೇಕು.

ಈ ಲೇಖಕನು ಇದನ್ನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ, ಹಾಬ್ಸನ ವೃತ್ತಾಂತವನ್ನು ತರಗತಿಯಲ್ಲಿ ಹೇಳಿದ ಉತ್ಸಾಹದಲ್ಲಿ, ಇಪ್ಪತ್ತನಾಲ್ಕು ತುಂಡುಗಳ ಒಂದು ಚರ್ಮದ ಚೀಲವನ್ನು ಅಂಚೆಯ ಮೂಲಕ ತರಿಸಿಕೊಂಡದ್ದಾಯಿತು. ಮನೆಯಲ್ಲಿದ್ದ ಐದು ತೂಗುಬೀಗಗಳ ಮೇಲೆ ಹದಿನೈದು ದಿನ ಪ್ರಯತ್ನಿಸಿದರೂ ಒಂದೂ ಅಲುಗಲಿಲ್ಲ. ತನ್ನ ಕೈ ಒರಟೆಂದು ಬಗೆದು ಇನ್ನೂ ಹತ್ತು ದಿನ. ಕೊನೆಗೆ ಬೀಗ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಲು, ಅವರು ಚೀಲವನ್ನು ಬಿಚ್ಚಿ ಸಹ ನೋಡದೆ, ಬೀಗದ ಕೈಯನ್ನು ಕೇಳಿ ತೆಗೆದುಕೊಂಡು, ‘ಇದಕ್ಕೆ ಅದು ಆಗೋದಿಲ್ಲ ಮೇಷ್ಟ್ರೆ’ ಎಂದರು. ಐದೂ ಲೀವರ್ ಬೀಗಗಳು. ತಪ್ಪು ಮಾರಿದವನದಲ್ಲ, ಕೊಂಡವನದು.

ಆ ಹಿರಿಯರು ಮಾಡಿದುದನ್ನೇ ಹೊಸಬರೂ ಮಾಡಬೇಕು. ಬೀಗವನ್ನಲ್ಲ, ಮೊದಲು ಅದರ ಕೈಯನ್ನು ನೋಡಬೇಕು. ಚಪ್ಪಟೆ ಕೈಯ ಒಂದು ಅಂಚಿನಲ್ಲಿ ಗರಗಸದಂತೆ ಇಳಿಜಾರಾದ ಕಚ್ಚುಗಳು, ಪಕ್ಕಗಳಲ್ಲಿ ಉದ್ದುದ್ದ ಗೀರುಗಳು ಇದ್ದರೆ ಅದು ಪಿನ್ ಬೀಗ. ತುದಿಯಲ್ಲಿ ಚೌಕವಾದ ಮೆಟ್ಟಿಲುಗಳಂತೆ ಕತ್ತರಿಸಿದ್ದು, ಪಕ್ಕದಲ್ಲಿ ಗೀರುಗಳಿಲ್ಲದಿದ್ದರೆ ಬಹುಶಃ ಲೀವರ್. ಅಂಚಿನಲ್ಲಿ ಕಚ್ಚುಗಳಿಲ್ಲದೆ ಮೈಮೇಲೆ ಗುಂಡು ಗುಂಡಾದ ಗುಳಿಗಳಿದ್ದರೆ (ಅಂಗಡಿಗಳಲ್ಲಿ ಇದನ್ನು ‘ಕಂಪ್ಯೂಟರ್ ಕೀ’ ಎನ್ನುವುದುಂಟು, ಕಂಪ್ಯೂಟರಿಗೂ ಇದಕ್ಕೂ ಸಂಬಂಧವಿಲ್ಲ) ಅದೂ ಪಿನ್ನಿನದೇ, ಆದರೆ ಪಿನ್ನುಗಳು ಅಡ್ಡಕ್ಕಿರುತ್ತವೆ, ಸಾಧನ ಬೇರೆ, ಹೊಸಬರು ಅದರ ಗೊಡವೆಗೆ ಹೋಗದಿರುವುದು ಮೇಲು. ಕಲಿಯಲು ತಕ್ಕುದು ಮೊದಲನೆಯ ಜಾತಿಯೇ. ಅದರ ತತ್ತ್ವ ಸ್ಪಷ್ಟ, ಸಾಧನ ಸುಲಭ, ಬಿಡಿಸುವಾಗ ಬೆರಳಿಗೆ ಸಿಕ್ಕುವ ಉತ್ತರವೂ ನಿಚ್ಚಳ. ಅಂಥ ನಾಲ್ಕು ಪಿನ್ನಿನ ಒಂದು ಅಗ್ಗದ ಹಿತ್ತಾಳೆ ಬೀಗ, ಐದು ಪಿನ್ನಿನ ಇನ್ನೊಂದು, ಇಷ್ಟನ್ನು ಮೊದಲು ಕೊಳ್ಳಬೇಕು. ಕೈ ಚೆನ್ನಾಗಿ ಬಂದ ಮೇಲೆ, ನಡುವೆ ಸಣಕಲಾದ, ದಾರದ ಉರುಳೆಯ ಆಕಾರದ ಪಿನ್ನುಗಳಿರುವ ಬೀಗವನ್ನು ಹುಡುಕಬಹುದು. ಆ ಪಿನ್ನುಗಳು ಅರ್ಧಕ್ಕೆ ಬಂದು, ಬೀಗ ತೆರೆಯಿತೆಂಬ ಭ್ರಮೆ ಹುಟ್ಟಿಸಿ, ಅಲ್ಲಿಯೇ ಹಿಡಿದುಕೊಳ್ಳುತ್ತವೆ. ಒಳಗೆಲ್ಲ ಕಾಣುವ ಪಾರದರ್ಶಕ ಬೀಗಗಳನ್ನೂ ಹೊಸಬರಿಗೆಂದು ಮಾರುತ್ತಾರೆ. ತತ್ತ್ವ ತಿಳಿಯಲು ಒಂದು ದಿನಕ್ಕೆ ಅದು ಸಾಕು. ಕಣ್ಣಿನಿಂದ ನೋಡಿ ಎತ್ತುವ ರೂಢಿ ಬಿದ್ದರೆ ಬೆರಳು ಕಲಿಯುವುದಿಲ್ಲ, ಅದರ ರಂಧ್ರಗಳೂ ತೀರ ಸಡಿಲ.

ಇನ್ನು ಸಲಕರಣೆ. ತುಂಡುಗಳ ಸಂಖ್ಯೆಯನ್ನು ನೋಡಿ ಕೊಳ್ಳಬಾರದು. ಇಪ್ಪತ್ತನಾಲ್ಕರ ಚೀಲದಲ್ಲಿ ಹದಿನೆಂಟು ಎಂದೆಂದಿಗೂ ಬಳಕೆಗೆ ಬಾರವು. ಹಾವಿನಂತೆ, ಮುತ್ತಿನ ಸರದಂತೆ, ಅರ್ಧಚಂದ್ರದಂತೆ ಅವುಗಳ ತುದಿಗಳಿರುವುದು ಕೊಳ್ಳುವವನ ಕಣ್ಣಿಗೆ ಹಿತವಾಗಲೆಂದು. ನಿಜವಾಗಿ ಬೇಕಾದುವು ಎರಡು ಕೊಕ್ಕೆಗಳು. ಒಂದು ಗಿಡ್ಡ ತುದಿಯದು. ಇನ್ನೊಂದು, ಮುಂದಿನ ಪಿನ್ನು ತಗ್ಗಿದ್ದು ಹಿಂದಿನದು ಎತ್ತರಕ್ಕೆ ಹೋಗಬೇಕಾದಾಗ ಬೇಕಾಗುವ, ತುಸು ಉದ್ದ ತುದಿಯದು. ಇವುಗಳ ಜೊತೆಗೆ ಅಲೆಯಂತೆ ಏರಿಳಿದ ತುದಿಯ ಒಂದು ಸಾಧನವಿರಲಿ. ಅದನ್ನು ಒಳಗೆ ಹಿಂದುಮುಂದಾಡಿಸಿದರೆ ಅಗ್ಗದ ಬೀಗಗಳು ಅದೃಷ್ಟದಿಂದ ತೆರೆದುಕೊಳ್ಳುತ್ತವೆ. ಅದರಿಂದ ಮೊದಲ ದಿನ ಉತ್ಸಾಹ ಬರುತ್ತದೆಯೇ ಹೊರತು ವಿದ್ಯೆ ಬರುವುದಿಲ್ಲ. ಪಿಸ್ತೂಲಿನಂತೆ ಕುದುರೆ ಎಳೆದು ಪಿನ್ನುಗಳನ್ನು ಕುಟ್ಟುವ ಯಂತ್ರವೂ ಉಂಟು. ಹವ್ಯಾಸಕ್ಕೆ ಅದರಿಂದ ಏನೂ ಲಾಭವಿಲ್ಲ. ಹಣಚೀಟಿಯ ಅಗಲದ ಒಂದೇ ತಗಡಿನಲ್ಲಿ ಎಲ್ಲ ಸಾಧನಗಳನ್ನೂ ಕತ್ತರಿಸಿಟ್ಟ ‘ಜೇಬಿನ ಸೆಟ್ಟು’ ಬಗ್ಗುತ್ತದೆ, ಬೆರಳನ್ನೂ ಕೊಯ್ಯುತ್ತದೆ.

ದಪ್ಪದ ವಿಷಯದಲ್ಲಿ ಜಾಗರೂಕತೆ ಅಗತ್ಯ. ಸುಮಾರು ೦.೬ ಮಿಲಿಮೀಟರ್ ದಪ್ಪದ ಒಳ್ಳೆಯ ಉಕ್ಕು ಹೊಸಬರ ಒರಟುತನವನ್ನು ತಡೆದುಕೊಳ್ಳುತ್ತದೆ. ಕೈ ಹಾಕುವ ಕಂಡಿ ಅಂಕುಡೊಂಕಾಗಿ ಕಿರಿದಾದ ಬೀಗಗಳಿಗೆ ೦.೪ ಮಿಲಿಮೀಟರಿನವು ಬೇಕಾದಾವು, ಆದರೆ ಅವು ಬೇಗ ಬಾಗುತ್ತವೆ. ಎರಡನೆಯ ವರ್ಷಕ್ಕೆ ಅವನ್ನು ಮುಂದೂಡುವುದು ಒಳ್ಳೆಯದು. ಸಾಧನದ ಅಂಚನ್ನು ಉಗುರಿನಿಂದ ಸವರಿ ನೋಡಬೇಕು. ಯಂತ್ರದಿಂದ ಕತ್ತರಿಸಿದ ಗರಕು ಹಾಗೆಯೇ ಇದ್ದರೆ ಅದು ಪಿನ್ನಿಗೆ ಉಜ್ಜಿ, ಬೀಗವು ಕೊಡುವ ಸೂಕ್ಷ್ಮವಾದ ಉತ್ತರವನ್ನು ಮರೆಮಾಡುತ್ತದೆ. ೬೦೦ನೆಯ ನಂಬರಿನ ಉಪ್ಪುಕಾಗದವನ್ನು ನೀರು ಹಚ್ಚಿ ಉಜ್ಜಿ, ಆಮೇಲೆ ಇನ್ನೂ ನಯವಾದುದರಿಂದ ಹೊಳಪು ಕೊಟ್ಟರೆ ಅಗ್ಗದ ಕೊಕ್ಕೆಯೂ ದುಬಾರಿಯದರ ಸಮಕ್ಕೆ ಬರುತ್ತದೆ.

ಕೊಕ್ಕೆಗಿಂತ ಮುಖ್ಯವಾದುದು ಟೆನ್ಷನ್ ಪಟ್ಟಿ. ಕೊಳ್ಳುವವರು ಇದನ್ನೇ ಅಲಕ್ಷಿಸುತ್ತಾರೆ, ಮಾರುವವರೂ ಚೀಲದ ಮೂಲೆಯಲ್ಲಿ ಒಂದೆರಡನ್ನು ಹಾಕಿ ಕೈತೊಳೆದುಕೊಳ್ಳುತ್ತಾರೆ. ಹಾಬ್ಸನ ಐವತ್ತೊಂದು ಗಂಟೆಗಳ ಗುಟ್ಟು ಎಲ್ಲಿತ್ತು ಎಂಬುದನ್ನು ನೆನೆದರೆ ಸಾಕು. ಅವನು ಹಲಗೆಗೆ ಬಿಗಿದ ಚೌಕಟ್ಟು ಬಿಡಿಸುವ ಸಾಧನವಲ್ಲ, ಹಿಡಿದುಕೊಳ್ಳುವ ಸಾಧನ. ಪಟ್ಟಿಗಳಲ್ಲಿ ಎರಡು ವಿಧ. ಕಂಡಿಯ ಪಿನ್ನಿಲ್ಲದ ತುದಿಯಲ್ಲಿ ಕೂರಿಸುವ ‘ಎಲ್’ ಆಕಾರದ್ದು ಹಳೆಯದು. ಅದು ಜಾಗವನ್ನು ತಿನ್ನುತ್ತದೆ. ಪಿನ್ನುಗಳ ಕಡೆಯ ತುದಿಯಲ್ಲಿ, ಮೊದಲ ಪಿನ್ನಿಗೆ ತಾಕದಂತೆ ಬಿಗಿಯಾಗಿ ಕೂರುವ ಗಿಡ್ಡ ಹಲ್ಲಿನ ಚಪ್ಪಟೆ ಪಟ್ಟಿ ಕೊಕ್ಕೆಗೆ ಪೂರ್ತಿ ಜಾಗ ಬಿಡುತ್ತದೆ. ಎರಡೂ ವಿಧದಲ್ಲಿ ಬೇರೆ ಬೇರೆ ದಪ್ಪದವು ಸೇರಿ ನಾಲ್ಕಾದರೂ ಇರಬೇಕು, ಏಕೆಂದರೆ ಸಡಿಲವಾಗಿ ಕೂತ ಪಟ್ಟಿ ಜಾರಿದೊಡನೆ ಎತ್ತಿದ ಪಿನ್ನುಗಳೆಲ್ಲ ಕೆಳಗೆ ಬೀಳುತ್ತವೆ. ಕೊಡಬೇಕಾದ ಬಲ ಅತ್ಯಲ್ಪ, ಪುಸ್ತಕದ ಹಾಳೆಯನ್ನು ಮಗುಚುವಷ್ಟು ಎಂದರೂ ಹೆಚ್ಚಾದೀತು. ಸೋತವರಲ್ಲಿ ಹೆಚ್ಚಿನವರು ಸೋತದ್ದು ಬಲ ಸಾಲದೆ ಅಲ್ಲ.

ಹಣ ಹಾಕಲು ಮನಸ್ಸಿಲ್ಲದವರು ಸ್ವತಃ ಮಾಡಿಕೊಳ್ಳಬಹುದು. ವಿದ್ಯಾರ್ಥಿಗಳಿಗೆ ಇದೇ ಉತ್ತಮವೆಂದು ನಮ್ಮ ಅಭಿಪ್ರಾಯ. ಸಾಮಾನ್ಯವಾದ ಹ್ಯಾಕ್ಸಾ ಬ್ಲೇಡಿನ ದಪ್ಪ ಸುಮಾರು ೦.೬ ಮಿಲಿಮೀಟರ್, ಅಂದರೆ ನಮಗೆ ಬೇಕಾದಷ್ಟೇ. ಹಲ್ಲುಗಳನ್ನು ತೆಗೆದು, ಸಾಣೆಯಲ್ಲಿ ಕೊಕ್ಕೆಯ ಆಕಾರಕ್ಕೆ ತಂದು, ಸಣ್ಣ ಅರದಿಂದ ತಿದ್ದಬೇಕು. ಉಕ್ಕು ನೀಲಿಗಟ್ಟುವಷ್ಟು ಬಿಸಿಯಾದರೆ ಹದ ಕೆಡುವುದರಿಂದ ಅಡಿಗಡಿಗೆ ನೀರಿನಲ್ಲಿ ಅದ್ದುತ್ತಿರಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ. ಮೋಟಾರುಗಾಡಿಯ ಗಾಜು ಒರಸುವ ಹಳೆಯ ವೈಪರಿನ ರಬ್ಬರಿನ ಪಕ್ಕದಲ್ಲಿರುವ ತೆಳು ಉಕ್ಕಿನ ಪಟ್ಟಿಯಿಂದ ಉತ್ತಮವಾದ ಟೆನ್ಷನ್ ಪಟ್ಟಿಗಳಾಗುತ್ತವೆ. ಗ್ಯಾರೇಜಿನವರು ಅದನ್ನು ಸುಮ್ಮನೆ ಎಸೆಯುತ್ತಾರೆ. ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡುವ ನಮ್ಮ ಮನೆಗಳ ಪದ್ಧತಿಯನ್ನು ಮಾತ್ರ ಇಲ್ಲಿ ಬಿಡಬೇಕು. ಅದು ಚಳಿಗೆ ಹೆಪ್ಪುಗಟ್ಟಿ ಧೂಳು ಹಿಡಿದು ಪಿನ್ನುಗಳನ್ನು ಅಂಟಿಸುತ್ತದೆ.

ಹವ್ಯಾಸಿಗಳ ಕೂಟಗಳಲ್ಲೆಲ್ಲ ಎರಡು ನಿಯಮಗಳು ರೂಢಿಯಲ್ಲಿವೆ: ತನ್ನದಲ್ಲದ ಬೀಗವನ್ನು ಒಡೆಯನ ಅನುಮತಿಯಿಲ್ಲದೆ ಮುಟ್ಟಬಾರದು, ತನ್ನದೇ ಆದರೂ ಉಪಯೋಗದಲ್ಲಿರುವ ಬೀಗವನ್ನು ಬಿಡಿಸಬಾರದು. ಮೊದಲನೆಯದಕ್ಕೆ ಕಾನೂನಿನ ಬೆಂಬಲವೂ ಇದೆ. ೧೮೬೦ರ ದಂಡಸಂಹಿತೆಯು ಬೀಗ ತೆರೆದು ಅತಿಕ್ರಮವಾಗಿ ಒಳಹೊಗುವುದನ್ನು ಮನೆಮುರಿತದ ವಿಧಗಳಲ್ಲಿ ಒಂದಾಗಿ ಎಣಿಸಿತ್ತು. ೨೦೨೪ರ ಜುಲೈ ೧ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ೧೯೬೩ರ ಕರ್ನಾಟಕ ಪೊಲೀಸ್ ಅಧಿನಿಯಮದ ಪ್ರಕಾರ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ನ್ಯಾಯವಾದ ಕಾರಣವಿಲ್ಲದೆ ಮನೆಮುರಿಯುವ ಸಲಕರಣೆಗಳನ್ನು ಇಟ್ಟುಕೊಂಡಿರುವುದು ಶಿಕ್ಷಾರ್ಹ. ಸಾಧನಗಳನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಚಪಲ ವಿದ್ಯಾರ್ಥಿನಿಲಯಗಳಲ್ಲಿ ವಿಶೇಷವಾಗಿ ಕಾಣುವುದರಿಂದ ಇದನ್ನು ಹೇಳಬೇಕಾಯಿತು. ಅವು ಮನೆಯ ಮೇಜಿನಲ್ಲಿರತಕ್ಕವು.

ಎರಡನೆಯ ನಿಯಮದ ಕಾರಣ ಬೇರೆ: ಬಿಡಿಸುವಾಗ ಬೀಗ ಕೆಡಬಹುದು. ಇದಕ್ಕೆ ಇನ್ನೊಂದನ್ನು ಸೇರಿಸಲು ಚರಿತ್ರೆಯ ಅಧ್ಯಾಪಕನಿಗೆ ಅಧಿಕಾರವಿದೆಯೆಂದು ಭಾವಿಸುತ್ತೇನೆ. ಹಳೆಯ ಬೀಗದ ಮೇಲೆ ಕೈ ಪಳಗಿಸಬಾರದು. ಅದೇ ಇಪ್ಪತ್ತನಾಲ್ಕರ ಚೀಲವನ್ನು ಹಿಡಿದು ನಾನು ಊರಿಗೆ ಹೋದಾಗ, ಅಜ್ಜನ ಕಾಲದಿಂದ ಬಂದು, ಕೈ ಕಳೆದುಹೋಗಿ, ಯಾರೂ ತೆರೆಯದೆ ಇಟ್ಟಿದ್ದ ಮರದ ಪೆಟ್ಟಿಗೆಯೊಂದಿತ್ತು. ಅದರ ಕಬ್ಬಿಣದ ಬೀಗದೊಳಕ್ಕೆ ೦.೪ ಮಿಲಿಮೀಟರಿನ ಕೊಕ್ಕೆಯನ್ನು ತೂರಿಸಿ ಒತ್ತಿದೆ. ತುದಿ ಮುರಿದು ಒಳಗೆ ಕುಳಿತಿತು. ಕಮ್ಮಾರರು ಬಂದು ಬೀಗದ ಕೊಂಡಿಯನ್ನು ಗರಗಸದಿಂದ ಕೊಯ್ದರು. ಒಡಲನ್ನೂ ಬಿಚ್ಚಿ ನೋಡಿದಾಗ ಅಲ್ಲಿ ಪಿನ್ನೂ ಇರಲಿಲ್ಲ, ಲೀವರೂ ಇರಲಿಲ್ಲ. ಬ್ಯಾರನ್ನನಿಗಿಂತ ಹಿಂದಿನ ಪದ್ಧತಿಯ, ಎರಡು ತಗಡಿನ ಅಡ್ಡಗೋಡೆಗಳಷ್ಟೇ ಇದ್ದ ಬೀಗ. ಬಗ್ಗಿಸಿದ ಒಂದು ಸರಳಿದ್ದರೆ ಸಾಕಾಗಿತ್ತು. ಪೆಟ್ಟಿಗೆಯಲ್ಲಿ ಕಂದಾಯದ ಹಳೆಯ ರಸೀದಿಗಳೂ ಎರಡು ಕ್ರಯಪತ್ರಗಳೂ ಇದ್ದುವು. ಅವುಗಳನ್ನು ಓದಿ ಪಟ್ಟಿಮಾಡಿದ್ದೇನೆ. ಬೀಗದ ತುಂಡುಗಳು ನನ್ನ ಮೇಜಿನ ಮೇಲಿವೆ, ಕೊಕ್ಕೆಯ ತುದಿ ಇನ್ನೂ ಅದರ ಬಾಯಲ್ಲಿಯೇ ಇದೆ.